ಕಣ್ಣಿಗೆ ಕಾಣದ ರಕ್ತ: ಮನೆಯಲ್ಲೇ ಮಾಡಬಹುದಾದ ಮಲ ಪರೀಕ್ಷೆ



ಬೆಳಿಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ನಿಮ್ಮ ಕಣ್ಣು ಸಗಣಿಯ ಮೇಲೆ ಹೋಗುತ್ತದೆ. ತೆಳ್ಳಗಿದೆಯೇ, ಗಟ್ಟಿಯಾಗಿದೆಯೇ, ಲೋಳೆ ಇದೆಯೇ, ಜೀರ್ಣವಾಗದ ಕಾಳು ಬಿದ್ದಿದೆಯೇ ಎಂದು ಯಾರೂ ಹೇಳಿಕೊಡದೆಯೇ ನೋಡುತ್ತೀರಿ. ಸಗಣಿಯಲ್ಲಿ ರಕ್ತ ಕಂಡರೆ, ಅಥವಾ ಅದು ಟಾರಿನಂತೆ ಕಪ್ಪಾಗಿದ್ದರೆ, ಆ ದಿನವೇ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಮನೆಯವರ ವಿಷಯದಲ್ಲಿ ಮಾತ್ರ ಈ ಮಾತನ್ನು ಯಾರೂ ಎತ್ತುವುದಿಲ್ಲ. ಯಜಮಾನರಿಗೆ ಮಲದಲ್ಲಿ ರಕ್ತ ಹೋಗುತ್ತಿದ್ದರೆ ‘ಉಷ್ಣ ಆಗಿದೆ, ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಅತ್ತೆಗೆ ಸುಸ್ತು ಎಂದರೆ ‘ವಯಸ್ಸಾಯಿತು’ ಎನ್ನುತ್ತಾರೆ. ಹೇಳಿಕೊಳ್ಳಲು ನಾಚಿಕೆ, ಕೇಳಲು ಸಂಕೋಚ.

ಮಲದಲ್ಲಿ ಹೋಗುವ ರಕ್ತ ಎಲ್ಲ ಸಮಯದಲ್ಲೂ ಕಣ್ಣಿಗೆ ಕಾಣುವುದಿಲ್ಲ. ಕಾಣದ ರಕ್ತವನ್ನು ಪತ್ತೆ ಮಾಡುವ ಒಂದು ಸರಳ ಪರೀಕ್ಷೆ ಇದೆ. ಅದನ್ನು ಮನೆಯಲ್ಲೇ ಮಾಡಬಹುದು. ಅದನ್ನು ಮಾಡುವ ಕ್ರಮ, ಫಲಿತಾಂಶ ಓದುವ ಕ್ರಮ ಮತ್ತು ಆಮೇಲೆ ಇಡಬೇಕಾದ ಹೆಜ್ಜೆಯನ್ನು ಈ ಪಾಠದಲ್ಲಿ ತಿಳಿಯೋಣ. ಆಮೇಲಿನ ಹೆಜ್ಜೆಯೇ ಇಲ್ಲಿ ಮುಖ್ಯ. ಅದನ್ನು ಇಡದಿದ್ದರೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ಕಾಣದ ರಕ್ತ ಎಂದರೇನು?

ಸುಪ್ತ ಕೆಚ್ಚಲು ಬಾವು ನಿಮಗೆ ಗೊತ್ತಿರುವ ವಿಷಯ. ಕೆಚ್ಚಲು ಊದಿಕೊಂಡಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಬಣ್ಣವೂ ಬದಲಾಗಿರುವುದಿಲ್ಲ. ಆದರೆ ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಂಡಿ ಸಿಎಂಟಿ ದ್ರಾವಣ ಬೆರೆಸಿ ತಿರುಗಿಸಿದರೆ, ರೋಗವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಕಣ್ಣು ಹೇಳದ್ದನ್ನು ಪರೀಕ್ಷೆ ಹೇಳುತ್ತದೆ.

ದೊಡ್ಡ ಕರುಳಿನಲ್ಲೂ ಹೀಗೆಯೇ. ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಅಣಬೆಯಂಥ ಸಣ್ಣ ಗಂಟು ಬೆಳೆಯುತ್ತದೆ. ಇದನ್ನು ಪಾಲಿಪ್ ಎನ್ನುತ್ತಾರೆ. ಹೆಚ್ಚಿನ ಪಾಲಿಪ್‌ಗಳಿಂದ ಏನೂ ತೊಂದರೆಯಾಗುವುದಿಲ್ಲ. ಕೆಲವು ಮಾತ್ರ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗುತ್ತವೆ. ಇದಕ್ಕೆ ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ಹಿಡಿಯುತ್ತದೆ. ಈ ಗಂಟು ಅಥವಾ ಹುಣ್ಣಿನ ಮೇಲೆ ಮಲ ಉಜ್ಜಿಕೊಂಡು ಸಾಗುವಾಗ ಹನಿಯಷ್ಟು ರಕ್ತ ಒಸರಿ ಮಲದೊಳಗೆ ಬೆರೆತುಹೋಗುತ್ತದೆ. ಬಣ್ಣ ಬದಲಾಗುವುದಿಲ್ಲ, ನೋವೂ ಇರುವುದಿಲ್ಲ. ಇದೇ ಕಾಣದ ರಕ್ತ. ಆ ಹತ್ತು ವರ್ಷದಲ್ಲಿ ಯಾವಾಗಲಾದರೂ ಪತ್ತೆಯಾದರೆ ಗಂಟನ್ನು ತೆಗೆದುಹಾಕಬಹುದು. ಆಗ ಕ್ಯಾನ್ಸರ್ ಬರುವುದೇ ತಪ್ಪುತ್ತದೆ.

2022ರ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬರುತ್ತದೆ, ಸುಮಾರು 9 ಲಕ್ಷ ಜನ ಅದರಿಂದ ಸಾಯುತ್ತಾರೆ. ನಮ್ಮ ದೇಶದಲ್ಲಿ ಇದು ಅಮೆರಿಕ, ಯುರೋಪಿನಷ್ಟು ಹೆಚ್ಚಿಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಮಂದಿ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುತ್ತಾರೆ, ಅವರಲ್ಲಿ 40 ದಾಟದವರೂ ಇರುತ್ತಾರೆ. ಬೆಂಗಳೂರಿನಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬಂದಿದೆ ಎಂಬ ಲೆಕ್ಕವನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ಇಡುತ್ತಾ ಬಂದಿದೆ. ಆ ಆಸ್ಪತ್ರೆ ಇರುವುದು ನಮ್ಮ ಹಾಲಿನ ಲಾರಿಗಳು ಬರುವ ಡೈರಿ ಸರ್ಕಲ್‌ಗೆ ಹತ್ತಿರದಲ್ಲೇ, ಡಾ. ಎಂ.ಎಚ್. ಮರಿಗೌಡ ರಸ್ತೆಯಲ್ಲಿ.

ರಕ್ತ ಬರಲು ಕ್ಯಾನ್ಸರ್ ಒಂದೇ ಕಾರಣವಲ್ಲ

ಪರೀಕ್ಷೆಯಲ್ಲಿ ರಕ್ತ ಕಂಡುಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಬೇರೆ ಕಾರಣಗಳು ಹಲವು:

• ಮೂಲವ್ಯಾಧಿ ಮತ್ತು ಗುದದ್ವಾರದ ಬಿರುಕು.

• ಜಠರದ ಹುಣ್ಣು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಇದಕ್ಕೆ ದೊಡ್ಡ ಕಾರಣ. ಮೇವಿನ ಹೊರೆ ಹೊತ್ತು, ಬಗ್ಗಿ ಹಾಲು ಕರೆದು ಸೊಂಟ ಹಿಡಿದುಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

• ಕೊಕ್ಕೆಹುಳು. ಬರಿಗಾಲಿನಲ್ಲಿ ತೇವದ ಮಣ್ಣಿನ ಮೇಲೆ ಓಡಾಡುವಾಗ ಇದರ ಮರಿ ಪಾದದ ಚರ್ಮದ ಮೂಲಕ ಒಳಹೊಕ್ಕು, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿನಲ್ಲಿ ಶೌಚ ಮಾಡುವ ಕಡೆ ಇದು ಹೆಚ್ಚು.

• ಕರುಳಿನ ಉರಿಯೂತ, ಆಮಶಂಕೆ ಇತ್ಯಾದಿ.

ಇವೆಲ್ಲವೂ ಚಿಕಿತ್ಸೆ ಇರುವ ತೊಂದರೆಗಳೇ. ಹನಿಹನಿಯಾಗಿ ತಿಂಗಳುಗಟ್ಟಲೆ ರಕ್ತ ಹೋದರೆ ದೇಹದ ಕಬ್ಬಿಣಾಂಶ ಬರಿದಾಗಿ ರಕ್ತಹೀನತೆ ಬರುತ್ತದೆ. ಗಂಡಸರಲ್ಲಿ ಹಿಮೋಗ್ಲೋಬಿನ್ 13 ಗ್ರಾಂಗಿಂತ, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ‘ಊಟ ಸಾಲದು’ ಎಂದು ಟಾನಿಕ್ ಕುಡಿದು ಸುಮ್ಮನಾಗಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ತೊಟ್ಟಿಯ ನೀರು ಇಳಿಯುತ್ತಿದ್ದರೆ ಮೇಲಿಂದ ತುಂಬಿಸುತ್ತಾ ಕೂರುವುದಿಲ್ಲ, ಎಲ್ಲಿ ಸೋರಿಕೆ ಇದೆ ಎಂದು ನೋಡುತ್ತೇವಲ್ಲವೇ?

ಪರೀಕ್ಷೆಯಲ್ಲಿ ಎರಡು ಬಗೆ

ಮೊದಲನೆಯದು ಹಳೆಯ ಬಗೆ, ಗ್ವಾಯಕ್ ಪರೀಕ್ಷೆ. ಗ್ವಾಯಕ್ ಎಂಬುದು ಅಮೆರಿಕ ಖಂಡದ ಒಂದು ಮರದ ಅಂಟು. ಅದನ್ನು ಸವರಿದ ಕಾಗದಕ್ಕೆ ಮಲ ಹಚ್ಚಿ ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದರೆ, ರಕ್ತ ಇದ್ದಲ್ಲಿ ನೀಲಿಯಾಗುತ್ತದೆ. ಹಸಿ ಹಾಲಿನಲ್ಲಿರುವ ಲ್ಯಾಕ್ಟೋಪೆರಾಕ್ಸಿಡೇಸ್ ಎಂಬ ಕಿಣ್ವವೂ ಇದೇ ನೀಲಿಯನ್ನು ಕೊಡುತ್ತದೆ. ಚೆನ್ನಾಗಿ ಕಾಯಿಸಿದ ಹಾಲನ್ನೂ ಹಸಿ ಹಾಲನ್ನೂ ಗುರುತಿಸಲು ಹಿಂದೆ ಗ್ವಾಯಕ್ ಬಳಸುತ್ತಿದ್ದುದು ಇದರಿಂದಲೇ. ಈ ಪರೀಕ್ಷೆಯ ದೋಷವೂ ಇಲ್ಲೇ ಇದೆ. ನೀಲಿ ಬರಿಸುವ ವಸ್ತು ಮನುಷ್ಯರ ರಕ್ತ ಒಂದೇ ಅಲ್ಲ. ಹಸಿ ಮೂಲಂಗಿಯಂಥ ತರಕಾರಿ, ಕುರಿ-ಮೇಕೆ ಮಾಂಸ ತಿಂದವರಲ್ಲೂ ನೀಲಿ ಬರಬಹುದು. ವಿಟಮಿನ್ ಸಿ ಮಾತ್ರೆ ನುಂಗಿದ್ದರೆ ರಕ್ತ ಇದ್ದರೂ ನೀಲಿ ಬಾರದೇ ಹೋಗಬಹುದು. ಹಾಗಾಗಿ ಮೂರು ದಿನ ಮೊದಲಿಂದ ಪಥ್ಯ ಮಾಡಬೇಕು.

ಎರಡನೆಯದು ಈಗಿನ ಬಗೆ, ಎಫ್‌ಐಟಿ. ಇದು ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಹಿಡಿಯುತ್ತದೆ. ಮಾಂಸ, ಮೂಲಂಗಿ, ಬೀಟ್‌ರೂಟ್ ಯಾವುದೂ ಇದಕ್ಕೆ ಅಡ್ಡಿಯಲ್ಲ, ಪಥ್ಯ ಬೇಡ. ಔಷಧಿ ಅಂಗಡಿಯಲ್ಲಿ ಮತ್ತು ಆನ್‌ಲೈನ್‌ನಲ್ಲಿ ‘ಎಫ್‌ಓಬಿ ಕಾರ್ಡ್’ ಎಂದು ಸಿಗುವ ಕಿಟ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ನೋಡಲು ಗರ್ಭ ಪರೀಕ್ಷೆಯ ಕಾರ್ಡಿನ ಹಾಗೆಯೇ ಇರುತ್ತದೆ. ಇದಕ್ಕೂ ಒಂದು ಮಿತಿ ಇದೆ. ಜಠರದಿಂದಲೋ ಸಣ್ಣ ಕರುಳಿನಿಂದಲೋ ಬಂದ ರಕ್ತ ದಾರಿಯಲ್ಲಿ ಜೀರ್ಣವಾಗಿಬಿಡುವುದರಿಂದ ಅದು ಇದಕ್ಕೆ ಸರಿಯಾಗಿ ಸಿಗುವುದಿಲ್ಲ. ದೊಡ್ಡ ಕರುಳಿನ ರಕ್ತಕ್ಕೆ ಇದು ಒಳ್ಳೆಯ ಪರೀಕ್ಷೆ, ಜಠರದ ಹುಣ್ಣಿಗೆ ಅಲ್ಲ.

ಹಳೆಯ ಗ್ವಾಯಕ್ ಪರೀಕ್ಷೆಯಿಂದಲೇ ಎಷ್ಟು ಪ್ರಯೋಜನವಾಯಿತು ಎಂಬುದಕ್ಕೆ ಒಂದು ದೊಡ್ಡ ಅಧ್ಯಯನವಿದೆ. ಹೈನುಗಾರಿಕೆಗೆ ಹೆಸರಾದ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 50ರಿಂದ 80 ವರ್ಷದ 46,551 ಜನರ ಮೇಲೆ ಅದು ನಡೆಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರತಿ ವರ್ಷ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಆದ ಸಾವು 33 ಶೇಕಡಾ ಕಡಿಮೆಯಾಗಿತ್ತು. ಅಲ್ಲಿ ಪರೀಕ್ಷೆಯಲ್ಲಿ ರಕ್ತ ಕಂಡವರಿಗೆ ಮುಂದಿನ ತಪಾಸಣೆಯನ್ನೂ ಮಾಡಲಾಗಿತ್ತು ಎಂಬುದನ್ನು ಮರೆಯಬಾರದು.

ಯಾರಿಗೆ ಈ ಪರೀಕ್ಷೆ? ಯಾರಿಗೆ ಬೇಡ?

ಯಾವ ತೊಂದರೆಯೂ ಇಲ್ಲದ, ವಯಸ್ಸಾಗುತ್ತಿರುವ ಜನರಿಗಾಗಿ ಇರುವ ಪರೀಕ್ಷೆ ಇದು. ಜಪಾನಿನಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ, ಇಂಗ್ಲೆಂಡಿನಲ್ಲಿ 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಇದನ್ನು ಮಾಡಿಸುತ್ತದೆ. ಅಮೆರಿಕದಲ್ಲಿ 45ರಿಂದ ಶುರು ಮಾಡಲು ಹೇಳುತ್ತಾರೆ. ನಮ್ಮ ದೇಶದ ಸರ್ಕಾರಿ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ 30 ದಾಟಿದವರ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಕರುಳಿನ ಕ್ಯಾನ್ಸರ್ ಅದರಲ್ಲಿ ಸೇರಿಲ್ಲ. ಆದ್ದರಿಂದ ಮನೆ ಬಾಗಿಲಿಗೆ ಬಂದು ಯಾರೂ ಈ ಕಿಟ್ ಕೊಡುವುದಿಲ್ಲ, ನಾವೇ ವಿಚಾರಿಸಬೇಕು. 45-50 ದಾಟಿದವರು ಒಮ್ಮೆ ವೈದ್ಯರನ್ನು ಕೇಳಿ ವರ್ಷಕ್ಕೊಮ್ಮೆ ಮಾಡಿಕೊಳ್ಳಬಹುದು.

ಈ ಕೆಳಗಿನವರು ಮಾತ್ರ ಕಾರ್ಡಿನಲ್ಲಿ ಕಾಲ ಕಳೆಯದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು:

• ಮಲದಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿರುವವರು.

• ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುವವರು. ಇವರು ಅದೇ ದಿನ ಹೋಗಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಮಾತ್ರೆ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

• ಮಲವಿಸರ್ಜನೆಯ ಅಭ್ಯಾಸ ಕೆಲವು ವಾರಗಳಿಂದ ಬದಲಾದವರು: ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ, ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನಿಸುವುದು.

• ಕಾರಣವಿಲ್ಲದೆ ತೂಕ ಇಳಿದವರು, ರಕ್ತಹೀನತೆ ಇರುವವರು.

• ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದವರು. ಇವರಿಗೆ 40ಕ್ಕೇ, ಇಲ್ಲವೇ ಆ ಸಂಬಂಧಿಕರಿಗೆ ರೋಗ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ಕೊಲೊನೋಸ್ಕೋಪಿ ಮಾಡುವುದು ರೂಢಿ.

ಮಾಡುವ ಕ್ರಮ

ಕಿಟ್ ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡಿ. ಪೊಟ್ಟಣ ಒಡೆದಿರಬಾರದು. ಒಳಗಿನ ಸೂಚನಾ ಪತ್ರವನ್ನು ಮೊದಲೇ ಓದಿ, ಓದಲು ಬಾರದಿದ್ದರೆ ಮನೆಯ ಮಕ್ಕಳಿಂದ ಓದಿಸಿಕೊಳ್ಳಿ. ಒಂದೊಂದು ಕಂಪನಿಯ ಕಾರ್ಡಿಗೂ ಹನಿಯ ಲೆಕ್ಕ, ನಿಮಿಷದ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ. ಆ ಪತ್ರದಲ್ಲಿ ಹೇಳಿದ್ದೇ ಅಂತಿಮ. ಸಾಮಾನ್ಯ ಕ್ರಮ ಹೀಗಿದೆ:

1. ದಿನ ಆರಿಸಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಮತ್ತು ಅದರ ಹಿಂದೆ-ಮುಂದೆ ಮೂರು ದಿನ ಬೇಡ. ಮೂತ್ರದಲ್ಲಿ ರಕ್ತ ಇದ್ದರೆ ಬೇಡ. ಮೂಲವ್ಯಾಧಿಯ ರಕ್ತ ಹರಿಯುತ್ತಿದ್ದರೆ ಈ ಕಾರ್ಡ್ ಬಿಟ್ಟು ವೈದ್ಯರನ್ನು ನೋಡಿ.

2. ಶೌಚಾಲಯದ ನೀರು ತಾಗದಂತೆ ಮಲ ಹಿಡಿಯಿರಿ. ನಮ್ಮ ಕಡೆಯ ಕುಳಿತುಕೊಳ್ಳುವ ಶೌಚಾಲಯದಲ್ಲಿ ಇದೇ ಕಷ್ಟದ ಕೆಲಸ. ಬೇಸಿನ್ನಿನ ಮೇಲೆ ಒಣಗಿದ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಅಥವಾ ಎರಡು ಮೂರು ಪದರ ನ್ಯೂಸ್‌ಪೇಪರ್ ಹರಡಿಕೊಂಡರೆ ಸಾಕು. ಮೂತ್ರವನ್ನು ಮೊದಲೇ ಮಾಡಿ ಮುಗಿಸಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಆಸಿಡ್ ತಾಗಿದ ಮಲ ಪರೀಕ್ಷೆಗೆ ಬರುವುದಿಲ್ಲ.

3. ಪುಟ್ಟ ಟ್ಯೂಬಿನ ಮುಚ್ಚಳ ತಿರುಗಿಸಿ ತೆಗೆದರೆ ಅದಕ್ಕೆ ಒಂದು ಕಡ್ಡಿ ಅಂಟಿಕೊಂಡಿರುತ್ತದೆ. ಆ ಕಡ್ಡಿಯನ್ನು ಮಲದ ಐದಾರು ಬೇರೆ ಬೇರೆ ಜಾಗದಲ್ಲಿ ಚುಚ್ಚಿ. ರಕ್ತ ಎಲ್ಲ ಕಡೆ ಸಮನಾಗಿ ಬೆರೆತಿರುವುದಿಲ್ಲ. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕದೆ ಮೇಲಿನ ಕೆನೆಯಿಂದ ಸ್ಯಾಂಪಲ್ ತೆಗೆದರೆ ಜಿಡ್ಡಿನ ಅಂಶ ತಪ್ಪಾಗಿ ಬರುವ ಹಾಗೆಯೇ ಇದು. ಕಡ್ಡಿಯ ಗೀರುಗಳಲ್ಲಿ ಹಿಡಿದಷ್ಟು ಸಾಕು, ಮುದ್ದೆಗಟ್ಟಲೆ ತುಂಬಬೇಡಿ.

4. ಕಡ್ಡಿಯನ್ನು ಟ್ಯೂಬಿನೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಒಳಗಿನ ದ್ರಾವಣ ಬೆರೆಯುವಂತೆ ಚೆನ್ನಾಗಿ ಅಲುಗಾಡಿಸಿ.

5. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿಡಿ. ಟ್ಯೂಬಿನ ತುದಿ ಮುರಿದು, ಹೇಳಿರುವಷ್ಟು ಹನಿಗಳನ್ನು (ಸಾಮಾನ್ಯವಾಗಿ ಎರಡು ಅಥವಾ ಮೂರು) ಕಾರ್ಡಿನ ಗುಳಿಗೆ ಬಿಡಿ.

6. ಗಡಿಯಾರ ನೋಡಿಕೊಂಡು ಹೇಳಿರುವಷ್ಟು ನಿಮಿಷಕ್ಕೆ ಓದಿ. ಹಾಲು ಹಾಕಿ ಬಂದು ನೋಡೋಣ ಎಂದು ಬಿಟ್ಟುಹೋಗಬೇಡಿ. ಸಮಯ ಮೀರಿದ ಮೇಲೆ ಮೂಡುವ ಗೆರೆಗೆ ಬೆಲೆಯಿಲ್ಲ.

7. ಎಲ್ಲವನ್ನೂ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ತಿಪ್ಪೆಗೆ ಎಸೆಯಬೇಡಿ, ಮೇವಿನ ಜೊತೆ ಪ್ಲಾಸ್ಟಿಕ್ ಹಸುವಿನ ಹೊಟ್ಟೆ ಸೇರೀತು. ಸೋಪು ಹಾಕಿ ಕೈ ತೊಳೆದ ಮೇಲೆಯೇ ಕೆಚ್ಚಲು ಮುಟ್ಟಿ.

ಮನೆಯಲ್ಲಿ ಓದುವ ಧೈರ್ಯ ಇಲ್ಲದವರು ಲ್ಯಾಬಿಗೆ ಕೊಡಬಹುದು. ಸಣ್ಣ ಡಬ್ಬಿಯಲ್ಲಿ ಸ್ಯಾಂಪಲ್ ಹಿಡಿದು ಅದೇ ಬೆಳಿಗ್ಗೆ ತಲುಪಿಸಿ. ಬಿಸಿಲಿಗೆ ಇಟ್ಟರೆ ಹಾಲು ಹುಳಿಯುವಂತೆ, ಸೆಕೆಗೆ ಸ್ಯಾಂಪಲಿನ ಹಿಮೋಗ್ಲೋಬಿನ್ ಒಡೆದುಹೋಗುತ್ತದೆ. ಆಗ ರಕ್ತ ಇದ್ದರೂ ‘ಇಲ್ಲ’ ಎಂದು ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನದವರೆಗೆ ತಿರುಗಾಡಬೇಡಿ.

ಹೃದಯದ ತೊಂದರೆಗೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಈ ಪರೀಕ್ಷೆಗಾಗಿ ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಫಲಿತಾಂಶ ಓದುವುದು ಹೇಗೆ?

ಕಾರ್ಡಿನ ಮೇಲೆ ‘ಸಿ’ ಮತ್ತು ‘ಟಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ.

• ‘ಸಿ’ ಬಳಿ ಮಾತ್ರ ಗೆರೆ: ನೆಗೆಟಿವ್. ಈ ಸ್ಯಾಂಪಲ್‌ನಲ್ಲಿ ರಕ್ತ ಸಿಕ್ಕಿಲ್ಲ.

• ‘ಸಿ’ ಮತ್ತು ‘ಟಿ’ ಎರಡರ ಬಳಿಯೂ ಗೆರೆ: ಪಾಸಿಟಿವ್. ‘ಟಿ’ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್.

• ‘ಸಿ’ ಬಳಿ ಗೆರೆಯೇ ಇಲ್ಲ: ಕಾರ್ಡ್ ಕೆಟ್ಟಿದೆ ಅಥವಾ ಕ್ರಮ ತಪ್ಪಿದೆ. ಹೊಸ ಕಾರ್ಡಿನಲ್ಲಿ ಮತ್ತೆ ಮಾಡಿ.

ನೆಗೆಟಿವ್ ಬಂದರೆ ‘ಏನೂ ಇಲ್ಲ’ ಎಂದು ಬರೆದುಕೊಟ್ಟಂತಲ್ಲ. ಒಂದು ಸಲದ ಎಫ್‌ಐಟಿ ಕ್ಯಾನ್ಸರ್ ಇರುವ ಹತ್ತು ಜನರಲ್ಲಿ ಸುಮಾರು ಎಂಟು ಜನರನ್ನು ಹಿಡಿಯುತ್ತದೆ, ಇಬ್ಬರು ತಪ್ಪಿಹೋಗುತ್ತಾರೆ. ಪಾಲಿಪ್‌ಗಳಂತೂ ಅರ್ಧಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುತ್ತವೆ, ಏಕೆಂದರೆ ಅವುಗಳಿಂದ ದಿನವೂ ರಕ್ತ ಬರುವುದಿಲ್ಲ. ಆದ್ದರಿಂದಲೇ ವರ್ಷ ವರ್ಷ ಮಾಡಬೇಕು. ನಡುವೆ ತೊಂದರೆ ಕಾಣಿಸಿಕೊಂಡರೆ ಹಳೆಯ ನೆಗೆಟಿವ್ ಕಾರ್ಡನ್ನು ನೆಚ್ಚಿಕೊಳ್ಳದೆ ವೈದ್ಯರಲ್ಲಿಗೆ ಹೋಗಬೇಕು.

ಪಾಸಿಟಿವ್ ಬಂದರೆ ಮುಂದೇನು?

ಜನ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಪಾಸಿಟಿವ್ ಬಂದವರು ‘ಮತ್ತೊಂದು ಕಾರ್ಡ್ ತಂದು ನೋಡೋಣ’ ಎನ್ನುತ್ತಾರೆ. ಎರಡನೆಯದು ನೆಗೆಟಿವ್ ಬಂದರೆ ನೆಮ್ಮದಿಯಿಂದ ಮಲಗುತ್ತಾರೆ. ರಕ್ತ ಬಿಟ್ಟು ಬಿಟ್ಟು ಬರುತ್ತದೆ ಎಂದು ಈಗ ತಾನೇ ಓದಿದಿರಿ. ಎರಡನೆಯ ದಿನ ಬಾರದಿದ್ದುದು ಮೊದಲನೆಯ ದಿನ ಬಂದುದನ್ನು ಅಳಿಸುವುದಿಲ್ಲ. ಇನ್ನು ಕೆಲವರು ‘ನನಗೆ ಮೂಲವ್ಯಾಧಿ ಇದೆ, ಅದರದ್ದೇ ಇರಬೇಕು’ ಎನ್ನುತ್ತಾರೆ. ಮೂಲವ್ಯಾಧಿ ಇರುವವರಿಗೆ ಕರುಳಿನಲ್ಲಿ ಗಂಟು ಬರಬಾರದೆಂದೇನೂ ಇಲ್ಲ. ನಗರದ ಗೋಡೆಗಳ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಬರಹ ನೋಡಿ, ಒಳಗೆ ಪರೀಕ್ಷಿಸದೆ ತಿಂಗಳುಗಟ್ಟಲೆ ಔಷಧಿ ಮಾಡಿದರೆ ಕಳೆದುಹೋಗುವುದು ಹಣ ಮಾತ್ರವಲ್ಲ, ಸಮಯ ಕೂಡ.

ಪಾಸಿಟಿವ್ ಬಂದ ಮೇಲೆ ಮಾಡಬೇಕಾದ್ದು ಕೊಲೊನೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಹಾಯಿಸಿ ದೊಡ್ಡ ಕರುಳನ್ನು ಪೂರ್ತಿ ನೋಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ನೋವಾಗದಂತೆ ಮಂಪರಿನ ಔಷಧಿ ಕೊಡುತ್ತಾರೆ. ಪಾಲಿಪ್ ಕಂಡರೆ ಬಹಳ ಸಲ ಆಗಲೇ ಕತ್ತರಿಸಿ ತೆಗೆಯುತ್ತಾರೆ. ಅಂದರೆ ಹುಡುಕುವುದೂ ಚಿಕಿತ್ಸೆಯೂ ಒಟ್ಟಿಗೇ ಆಗುತ್ತದೆ. ಇದನ್ನು ವಾರಗಳಲ್ಲಿ ಮಾಡಿಸಿ, ವರ್ಷಕ್ಕೆ ಮುಂದೂಡಬೇಡಿ. ಪಾಸಿಟಿವ್ ಬಂದು ಹತ್ತು ತಿಂಗಳು ದಾಟಿಸಿದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ, ಅದೂ ಬಲಿತ ಹಂತದಲ್ಲಿ ಸಿಕ್ಕಿದೆ ಎಂದು ಅಮೆರಿಕದ ಒಂದು ದೊಡ್ಡ ಅಧ್ಯಯನ 2017ರಲ್ಲಿ ತೋರಿಸಿತು.

ಹೈನುಗಾರರಿಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ: ಹಾಲು ಕರೆಯುವವರು ಯಾರು? ಹಿಂದಿನ ದಿನ ಹಗುರ ಆಹಾರ ತಿಂದು, ಕೊಟ್ಟ ಭೇದಿ ಔಷಧಿ ಕುಡಿದು, ಕರುಳು ಪೂರ್ತಿ ಖಾಲಿಯಾಗುವವರೆಗೆ ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕಾಗುತ್ತದೆ. ಆ ಸಂಜೆ ಕೊಟ್ಟಿಗೆ ಕೆಲಸ ನಿಮ್ಮಿಂದ ಆಗದು. ಪರೀಕ್ಷೆಯ ದಿನ ಮಂಪರಿನ ಔಷಧಿ ಕೊಟ್ಟ ಮೇಲೆ 24 ಗಂಟೆ ಬೈಕ್ ಓಡಿಸುವಂತಿಲ್ಲ, ಮೇವು ಕತ್ತರಿಸುವ ಯಂತ್ರದ ಬಳಿ ಹೋಗುವಂತಿಲ್ಲ. ಜೊತೆಗೆ ಒಬ್ಬರು ಇರಲೇಬೇಕು. ಆದ್ದರಿಂದ ದಿನಾಂಕ ಗೊತ್ತಾದ ಕೂಡಲೇ ಹಿಂದಿನ ಸಂಜೆಯಿಂದ ಲೆಕ್ಕ ಹಾಕಿ ಮೂರು ನಾಲ್ಕು ಹೊತ್ತಿನ ಕರೆಯುವಿಕೆಗೆ ಅಣ್ಣ ತಮ್ಮಂದಿರನ್ನೋ ನೆರೆಯವರನ್ನೋ ಒಪ್ಪಿಸಿಕೊಳ್ಳಿ. ಹಸುಗಳು ಅವರಿಗೆ ಒಗ್ಗಿಕೊಳ್ಳುವಂತೆ ಎರಡು ದಿನ ಮೊದಲೇ ಜೊತೆಯಲ್ಲಿ ಕರೆಸಿಕೊಳ್ಳಿ. ಸಂಘದ ಸದಸ್ಯರು ಇಂಥ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಆಗುವುದೇ ಸಹಕಾರ.

ಎಲ್ಲಿಗೆ ಹೋಗಬೇಕು?

ಬಿಟಿಎಂ ಎಂಬ ಹೆಸರಿನಲ್ಲಿರುವುದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು. ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ನಡುವೆಯೂ ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆಯಂಥ ಹಳೆಯ ಊರುಗಳಿವೆ. ಈ ಭಾಗದಲ್ಲಿ ಹಸು ಕಟ್ಟಿಕೊಂಡಿರುವವರಿಗೂ, ಉತ್ತರಹಳ್ಳಿ, ಗೊಟ್ಟಿಗೆರೆ, ಕನಕಪುರ ರಸ್ತೆ ಕಡೆಯವರಿಗೂ ಔಷಧಿ ಅಂಗಡಿ, ಲ್ಯಾಬ್‌ಗಳು ದೂರವಿಲ್ಲ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ಗೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ, ಕಾರ್ಡಿನ ಫಲಿತಾಂಶ ತೋರಿಸಿ. ಫಲಿತಾಂಶ ಓದಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಅನುಕೂಲ. ಅಲ್ಲಿಂದ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು. ಕರುಳಿನ ರೋಗಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆಯೊಂದು ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿದೆ. ಕ್ಯಾನ್ಸರ್ ಎಂದು ಖಚಿತವಾದರೆ ಕಿದ್ವಾಯಿ ಇದೆ. ಯಾವ ದಿನ, ಯಾವ ವಿಭಾಗ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಆರೋಗ್ಯ ಮಾಹಿತಿಗೆ 104ಕ್ಕೆ ಕರೆ ಮಾಡಬಹುದು.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆ ಮತ್ತೆ ಜಾರಿಗೆ ಬಂದಿದೆ. ನೋಂದಣಿಯ ಅವಧಿ ಮತ್ತು ಶುಲ್ಕವನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ. ಯಾವ ಪರೀಕ್ಷೆ, ಯಾವ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆ ಎಂದು ಆಸ್ಪತ್ರೆಗೆ ಸೇರುವ ಮೊದಲೇ ಖಚಿತ ಮಾಡಿಕೊಳ್ಳಿ.

ಮೂರು ಉದಾಹರಣೆಗಳು

ಪಾಠ ಮನದಟ್ಟಾಗಲು ಮೂರು ಕಲ್ಪಿತ ಸಂದರ್ಭಗಳನ್ನು ನೋಡೋಣ.

*ಒಂದು.* 56 ವರ್ಷದ ಯಜಮಾನರು. ಯಾವ ತೊಂದರೆಯೂ ಇಲ್ಲ. ಕಾರ್ಡಿನಲ್ಲಿ ಮಸುಕಾದ ‘ಟಿ’ ಗೆರೆ ಬಂದಿದೆ. ‘ಅಪ್ಪಾಜಿ, ಇದು ಗೆರೆಯೇ ಅಲ್ಲ ಬಿಡಿ’ ಎಂದು ಮಗ ಹೇಳುತ್ತಾನೆ. ಮಗನ ಮಾತು ಸರಿಯಲ್ಲ. ಮಸುಕಾದರೂ ಅದು ಪಾಸಿಟಿವ್. ಇವರು ಕೊಲೊನೋಸ್ಕೋಪಿ ಮಾಡಿಸಬೇಕು.

*ಎರಡು.* 62 ವರ್ಷದ ತಾಯಿ. ಮೆಟ್ಟಿಲು ಹತ್ತಿದರೆ ಏದುಸಿರು, ಹಿಮೋಗ್ಲೋಬಿನ್ 8 ಗ್ರಾಂ. ಕಾರ್ಡ್ ನೆಗೆಟಿವ್. ಮಂಡಿ ನೋವಿಗೆ ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ಕಾರ್ಡ್ ನೆಗೆಟಿವ್ ಎಂದು ಬಿಡಬಹುದೇ? ಬಿಡಬಾರದು. ಜಠರದ ಹುಣ್ಣಿನ ರಕ್ತ ಈ ಕಾರ್ಡಿಗೆ ಸಿಗದೇ ಇರಬಹುದು. ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಅವರು ಮೇಲಿನ ಎಂಡೋಸ್ಕೋಪಿಯನ್ನೂ ಕೊಲೊನೋಸ್ಕೋಪಿಯನ್ನೂ ಹೇಳಬಹುದು.

*ಮೂರು.* 34 ವರ್ಷದ ಸೊಸೆ. ಮೂರು ತಿಂಗಳಿಂದ ಆಗಾಗ ಮಲದ ಜೊತೆ ರಕ್ತ, ತೂಕ ಇಳಿದಿದೆ. ‘ಇಷ್ಟು ಚಿಕ್ಕ ವಯಸ್ಸಿಗೆ ಮೂಲವ್ಯಾಧಿ ಅಲ್ಲದೆ ಮತ್ತೇನು’ ಎಂದು ಮನೆಯವರ ಮಾತು. ಇವರಿಗೆ ಕಾರ್ಡ್ ಬೇಕಾಗಿಯೇ ಇಲ್ಲ, ರಕ್ತ ಕಣ್ಣಿಗೇ ಕಾಣುತ್ತಿದೆ. ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಹೇಳಿಕೊಳ್ಳಲು ಸಂಕೋಚವಾದರೆ ಮಹಿಳಾ ವೈದ್ಯರನ್ನು ಕೇಳಿಕೊಳ್ಳಬಹುದು, ಜೊತೆಗೆ ಅತ್ತೆಯೋ ಅಕ್ಕನೋ ಹೋದರೆ ಇನ್ನೂ ಒಳ್ಳೆಯದು.

ಬಾರದಂತೆ ನೋಡಿಕೊಳ್ಳಲು

ಬೀಡಿ, ಸಿಗರೇಟು, ಹೆಂಡ ಈ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುತ್ತವೆ. ಸಂಸ್ಕರಿಸಿದ ಮಾಂಸವೂ ಹಾಗೆಯೇ. ರಾಗಿ, ಸೊಪ್ಪು, ಕಾಳಿನಂಥ ನಾರಿನಂಶದ ಆಹಾರ ಮತ್ತು ಮೈ ಬಗ್ಗಿಸಿ ಮಾಡುವ ಕೆಲಸ ಅಪಾಯವನ್ನು ತಗ್ಗಿಸುತ್ತವೆ. ಹಾಲಿನ ಬಳಕೆಯೂ ಈ ಅಪಾಯವನ್ನು ತಗ್ಗಿಸುವ ಸಾಧ್ಯತೆ ಇದೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರ ವರದಿಯಲ್ಲಿ ಹೇಳಿದೆ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕದೆ ಮನೆಯವರಿಗೂ ಒಂದು ಲೋಟ ಉಳಿಸಿಕೊಳ್ಳಿ. ಆದರೆ ಹಾಲು ಕುಡಿಯುತ್ತೇನೆಂದು ಪರೀಕ್ಷೆ ಬಿಡಬೇಡಿ. ಕೊಟ್ಟಿಗೆಗೆ, ಹೊಲಕ್ಕೆ ಹೋಗುವಾಗ ಚಪ್ಪಲಿ ಅಥವಾ ಗಂಬೂಟು ಹಾಕಿಕೊಂಡರೆ ಕೊಕ್ಕೆಹುಳು ತಪ್ಪುತ್ತದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ದಿನ ನುಂಗಿ.

ನೆನಪಿಡಿ

• ಕಾಣುವ ರಕ್ತಕ್ಕೆ ವೈದ್ಯರು, ಕಾಣದ ರಕ್ತಕ್ಕೆ ಕಾರ್ಡ್.

• ಮಸುಕಾದ ಗೆರೆಯೂ ಪಾಸಿಟಿವ್.

• ಪಾಸಿಟಿವ್ ಬಂದ ಮೇಲೆ ಎರಡನೇ ಕಾರ್ಡ್ ಬೇಡ, ಕೊಲೊನೋಸ್ಕೋಪಿ ಬೇಕು.

• ನೆಗೆಟಿವ್ ಬಂದರೂ ತೊಂದರೆ ಇದ್ದರೆ ವೈದ್ಯರನ್ನು ಕಾಣಿ. ತೊಂದರೆ ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಮಾಡಿ.

• ಮೂಲವ್ಯಾಧಿ, ಉಷ್ಣ ಎಂದು ನೀವೇ ತೀರ್ಮಾನಿಸಬೇಡಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮಲವನ್ನು ಐದಾರು ಕಡೆ ಏಕೆ ಚುಚ್ಚಬೇಕು?

2. ಎಫ್‌ಐಟಿ ಪರೀಕ್ಷೆಗೆ ಪಥ್ಯ ಏಕೆ ಬೇಡ? ಜಠರದ ಹುಣ್ಣು ಅದಕ್ಕೆ ಏಕೆ ಸಿಗದಿರಬಹುದು?

3. ನಿಮ್ಮ ಮನೆಯಲ್ಲಿ 45 ದಾಟಿದವರು ಎಷ್ಟು ಜನ? ಅವರಲ್ಲಿ ಯಾರ ಹಿಮೋಗ್ಲೋಬಿನ್ ಕಳೆದ ಒಂದು ವರ್ಷದಲ್ಲಿ ನೋಡಿದ್ದೀರಿ?

4. ನೀವು ಎರಡು ದಿನ ಆಸ್ಪತ್ರೆಯಲ್ಲಿದ್ದರೆ ನಿಮ್ಮ ಹಸುಗಳ ಹಾಲು ಕರೆಯುವವರು ಯಾರು? ಇಂದೇ ಅವರೊಡನೆ ಮಾತಾಡಿಕೊಳ್ಳಿ.